ನಂಬದೆ ಕಳೆದದ್ದು

ವ್ಯಾಪಾರ ನಮ್ಮ ಮನೆತನಕ್ಕೆ ಒಗ್ಗಿದ ವಿದ್ಯೆಯಲ್ಲ. ನಮ್ಮ ತಂದೆಯವರು ಹಳ್ಳಿಯ ಶಾಲೆಯ ಮೇಷ್ಟರು. ಹಿತ್ತಲಿನ ತೆಂಗಿನಕಾಯಿಯನ್ನು ಮಾರುವ ಪ್ರಸಂಗ ಬಂದರೆ ಬೆಲೆಯನ್ನು ಕೊಳ್ಳುವವನೇ ಹೇಳಬೇಕಾಗಿತ್ತು. ಅವನು ಹೇಳಿದ್ದಕ್ಕೆ ಇವರು "ಆಗಲಿ" ಎನ್ನುವರು. ಅಂಥವರ ಮಗನಾದ ನಾನು ನಲವತ್ತು ದಾಟಿದ ಮೇಲೆ ಒಂದು ಅಂಗಡಿ ತೆರೆದಿದ್ದೇನೆ. ಅದಕ್ಕೆ ಬಾಗಿಲಿಲ್ಲ, ತಕ್ಕಡಿಯಿಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ. ರಾತ್ರಿ ಮೂರು ಗಂಟೆಗೂ ಗಿರಾಕಿ ಬರಬಹುದು. ಬಂದವರ ಮುಖ ಮಾತ್ರ ಕಾಣುವುದಿಲ್ಲ. ಈ ಕೊನೆಯ ಮಾತೇ ಈ ಬರಹಕ್ಕೆ ಕಾರಣ.

ಮಾರಾಟದ ವಸ್ತು ಏನೆಂದು ಮೊದಲು ಹೇಳಿಬಿಡುತ್ತೇನೆ. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ನಾನು ಹಲವು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಸಂಧಿ, ನಾಮ, ಸಮಾಸ, ತದ್ಧಿತ ಎಂದು ಪ್ರಕರಣ ಪ್ರಕರಣವಾಗಿ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ಎರಡು ದಪ್ಪ ನೋಟುಬುಕ್ಕುಗಳಾಗಿದ್ದುವು. ನೆಟ್, ಕೆ-ಸೆಟ್ ಪರೀಕ್ಷೆಗಳಿಗೆ ಕೂಡುವ ಹುಡುಗರು ಅವನ್ನು ಒಯ್ದು, ಜೆರಾಕ್ಸ್ ಮಾಡಿಸಿ, ಅಂಚು ಹರಿದು ತಂದುಕೊಡುತ್ತಿದ್ದರು. "ಮಾವ, ಇದನ್ನೆಲ್ಲ ಟೈಪು ಮಾಡಿಸಿ ಆನ್‌ಲೈನ್ ಪೇಟೆಯಲ್ಲಿ ಇಟ್ಟುಬಿಡಿ" ಎಂದು ಸೋದರಳಿಯ ಹೇಳಿದ. ಬೆರಳಚ್ಚು ಮಾಡಿದ ಹೆಣ್ಣುಮಗಳಿಗೆ ಹಣ ಕೊಟ್ಟೆ. ಕರಡು ತಿದ್ದಲು ಒಂದು ಬೇಸಿಗೆ ರಜ ಹೋಯಿತು. ಕೊನೆಗೆ 212 ಪುಟದ ಒಂದು ಪಿಡಿಎಫ್ ಸಿದ್ಧವಾಯಿತು. ಬೆಲೆ 180 ರೂಪಾಯಿ.

ಇದು ವಿಚಿತ್ರವಾದ ಸರಕು. ಮಾರಿದರೂ ನನ್ನ ಹತ್ತಿರವೇ ಉಳಿಯುತ್ತದೆ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದರೆ ಮೊದಲಿನದು ಮಂಕಾಗುವುದಿಲ್ಲ ಎನ್ನುವಂತೆ. ಹಾಗಿದ್ದರೆ ಒಬ್ಬ ಮೋಸ ಮಾಡಿ ಒಯ್ದರೆ ನಿನಗೇನು ನಷ್ಟ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನನಗೆ ತೋರಿದ ಉತ್ತರ ಇಷ್ಟು: ನಷ್ಟ ನನಗಿಂತ ಹೆಚ್ಚಾಗಿ ಹಣ ಕೊಟ್ಟವರಿಗೆ. ಯಾವುದೋ ಊರಿನ ಅತಿಥಿ ಉಪನ್ಯಾಸಕನೊಬ್ಬ ತಿಂಗಳ ಕೊನೆಯಲ್ಲಿ 180 ರೂಪಾಯಿ ಎಣಿಸಿ ಕೊಟ್ಟಿದ್ದಾನೆ. ಅದೇ ಪುಸ್ತಕ ಇನ್ನೊಬ್ಬನಿಗೆ ಜಾಣತನದಿಂದ ಸಿಕ್ಕಿತೆಂದರೆ ಮೊದಲಿನವನ ಪ್ರಾಮಾಣಿಕತೆಯನ್ನು ನಾನು ಪೆದ್ದುತನ ಮಾಡಿದ ಹಾಗಾಗುತ್ತದೆ. ಆದ್ದರಿಂದ ಕಾವಲು ಬೇಕು. ಎಂಥ ಕಾವಲು ಎಂಬುದೇ ಪ್ರಶ್ನೆ.

ಅಂಗಡಿ ತೆರೆದ ಎರಡನೆಯ ತಿಂಗಳಲ್ಲಿ ಮೊದಲ ಪೆಟ್ಟು ಬಿತ್ತು. ಒಬ್ಬ ಮಹಾನುಭಾವರು ಬಹಳ ವಿನಯದಿಂದ ಬರೆದರು: "ಸರ್, ಪೇಟೆಯವರು ನಿಮ್ಮಿಂದ ಕಮಿಷನ್ ಹಿಡಿಯುತ್ತಾರೆ. ನಿಮಗೇಕೆ ನಷ್ಟ? ನೇರವಾಗಿ ನಿಮಗೇ ಕಳುಹಿಸುತ್ತೇನೆ." ಸ್ವಲ್ಪ ಹೊತ್ತಿಗೆ ಹಣ ಸಂದಾಯವಾದ ಚಿತ್ರವೂ ಬಂತು, ಹಸಿರು ಗುರುತು, ನನ್ನ ಹೆಸರು, ದಿನಾಂಕ ಎಲ್ಲ ಸರಿಯಾಗಿತ್ತು. ನಾನು ಪುಸ್ತಕ ಕಳುಹಿಸಿ ಧನ್ಯವಾದವನ್ನೂ ಹೇಳಿದೆ. ಚಿತ್ರ ಬಂತೇ ಹೊರತು ಹಣ ಬರಲಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ತರಕಾರಿ ಗಾಡಿಯವರೂ ಕಲಿತಿರುವ ಪಾಠವನ್ನು ನಾನು ಆಗ ಕಲಿತೆ: ನಂಬಬೇಕಾದದ್ದು ಗಿರಾಕಿ ತೋರಿಸುವ ಚಿತ್ರವನ್ನಲ್ಲ, ನಮ್ಮ ಖಾತೆಯಲ್ಲಿ ಜಮೆಯಾದ ಮೊತ್ತವನ್ನು.

ಎರಡನೆಯದು ಇನ್ನೂ ನಯವಾದದ್ದು. ಒಬ್ಬರು ಕ್ರಮವಾಗಿ ಹಣ ಕೊಟ್ಟು ಕೊಂಡರು. ಮರುದಿನ, "ಫೈಲು ತೆರೆಯುತ್ತಿಲ್ಲ, ಹಣ ಹಿಂದಿರುಗಿಸಿ" ಎಂದರು. ಹಿಂದಿರುಗಿಸಿದೆ. ತಿಂಗಳಾದ ಮೇಲೆ ನನ್ನ ವಿದ್ಯಾರ್ಥಿಯೊಬ್ಬ ತೋರಿಸಿದ: ಅಭ್ಯರ್ಥಿಗಳ ಗುಂಪೊಂದರಲ್ಲಿ ನನ್ನ ಪುಸ್ತಕ ಓಡಾಡುತ್ತಿದೆ, ನನ್ನ ಹೆಸರಿದ್ದ ಮೊದಲ ಪುಟ ಒಂದನ್ನು ಬಿಟ್ಟು. ಹಣ ಹಿಂದೆ ಪಡೆದವರೇ ಅದನ್ನು ಹಂಚಿದರೆ? ನನಗೆ ಗೊತ್ತಿಲ್ಲ. ಕೊಂಡವರಲ್ಲಿ ಯಾರಾದರೂ ಹಂಚಿರಬಹುದು. ಆದರೆ ನನ್ನ ಮನಸ್ಸು ಸಾಕ್ಷಿಯನ್ನು ಕೇಳಲಿಲ್ಲ. ಆಗಲೇ ತೀರ್ಪು ಕೊಟ್ಟಾಗಿತ್ತು.

ಈ ತೊಡಕು ಹೊಸದು. ನಮ್ಮಲ್ಲಿ 1930ರ ಸರಕು ಮಾರಾಟ ಕಾಯಿದೆ ಇದೆ. ಹಣ ಬಾರದ ಮಾರಾಟಗಾರನಿಗೆ ಅದು ಮೂರು ಆಸರೆಗಳನ್ನು ಕೊಡುತ್ತದೆ: ಸರಕನ್ನು ಕೊಡದೆ ತಡೆಹಿಡಿಯಬಹುದು, ಕೊಂಡವನು ದಿವಾಳಿಯಾದನೆಂದು ತಿಳಿದರೆ ದಾರಿಯಲ್ಲಿರುವಾಗಲೇ ನಿಲ್ಲಿಸಬಹುದು, ಕ್ರಮದ ಪ್ರಕಾರ ಬೇರೊಬ್ಬರಿಗೆ ಮಾರಬಹುದು. ಸರಕು ಲಾರಿಯಲ್ಲಿ, ರೈಲಿನಲ್ಲಿ ಹೋಗುತ್ತದೆ ಎಂಬ ಕಾಲದ ಮಾತು ಅದು. ನನ್ನ ಸರಕಿಗೆ ದಾರಿಯೆಂಬುದೇ ಇಲ್ಲ. ಗುಂಡಿ ಒತ್ತಿದೆನೆಂದರೆ ತಲುಪಿತು.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯ ಇದ್ದಾನೆ. ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ 'ಅರ್ಥಶಾಸ್ತ್ರ'ದಲ್ಲಿ, ಮಾರಿದ್ದಕ್ಕೂ ಕೊಂಡದ್ದಕ್ಕೂ ಪಶ್ಚಾತ್ತಾಪಪಟ್ಟವರಿಗಾಗಿ ಒಂದು ಪ್ರಕರಣವೇ ಇದೆ. 'ಅನುಶಯ' ಎಂದು ಅದಕ್ಕೆ ಹೆಸರು. ಮನಸ್ಸು ಬದಲಾಯಿಸಲು ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ ಅವಧಿ. ಎಷ್ಟು ಮನುಷ್ಯತ್ವದ ಕಾನೂನು! ಆದರೆ ಹಿಂದಿರುಗಿಸಿದ ಎತ್ತು ಕೊಟ್ಟಿಗೆಗೆ ಬರುತ್ತದೆ. ಹಿಂದಿರುಗಿಸಿದ ಪಿಡಿಎಫ್ ಎಲ್ಲಿಗೆ ಬರುತ್ತದೆ? ಯುರೋಪಿನವರು 2011ರಲ್ಲಿ ಮಾಡಿದ ಗ್ರಾಹಕ ನಿಯಮದಲ್ಲಿ, ದೂರದಿಂದ ಕೊಂಡ ವಸ್ತುವನ್ನು ಹದಿನಾಲ್ಕು ದಿನದೊಳಗೆ ಕಾರಣ ಹೇಳದೆ ಬೇಡವೆನ್ನಬಹುದು. ಆದರೆ ಇಂಥ ಡಿಜಿಟಲ್ ಸರಕಿನ ವಿಷಯದಲ್ಲಿ, ಕೊಂಡವರು ತಿಳಿದು ಒಪ್ಪಿ ಇಳಿಸಿಕೊಳ್ಳಲು ತೊಡಗಿದರೆ ಆ ಹಕ್ಕು ಹೋಗುತ್ತದೆ. ಓದಿದ್ದನ್ನು ಓದದಂತೆ ಮಾಡಲು ಯಾವ ಶಾಸನಕ್ಕೂ ಸಾಧ್ಯವಿಲ್ಲವಲ್ಲ.

ಕಾನೂನು ಕೈಬಿಟ್ಟ ಕಡೆ ಮನುಷ್ಯ ಅನುಮಾನವನ್ನು ಹಿಡಿಯುತ್ತಾನೆ. ಎರಡು ಪೆಟ್ಟು ತಿಂದ ನಾನೂ ಹಿಡಿದೆ. ಅಳಿಯ ಒಂದು ಪಟ್ಟಿಯನ್ನೇ ಹೇಳಿದ: ಗಿರಾಕಿಯ ಹೆಸರು ಪೂರ್ತಿ ಇಲ್ಲದಿದ್ದರೆ ಅನುಮಾನಿಸಿ, ಚಿತ್ರ ಹಾಕದಿದ್ದರೆ ಅನುಮಾನಿಸಿ, ಖಾತೆ ಹೊಸದಾಗಿದ್ದರೆ, ಅಪರಾತ್ರಿಯಲ್ಲಿ ಬಂದರೆ, ಕೊಳ್ಳುವ ಮೊದಲೇ ಹಣ ವಾಪಸಿನ ಮಾತೆತ್ತಿದರೆ ಅನುಮಾನಿಸಿ. ಪರೀಕ್ಷೆಗೆ ಓದಿದ ಹಾಗೆ ಅದನ್ನು ಮನನ ಮಾಡಿಕೊಂಡೆ.

ಒಂದು ರಾತ್ರಿ ಹನ್ನೆರಡು ಹೊಡೆಯುವ ಹೊತ್ತಿಗೆ ಒಬ್ಬ ಗಿರಾಕಿಯ ಮಾತು ಬಂತು. ಚಿತ್ರವಿಲ್ಲ, ಹೆಸರಿನ ಜಾಗದಲ್ಲಿ ಎರಡೇ ಅಕ್ಷರ, ಅದೇ ವಾರ ತೆರೆದ ಖಾತೆ. ಮೂರು ಪ್ರಶ್ನೆಗಳು: "ಇದನ್ನು ಪ್ರಿಂಟ್ ಹಾಕಿಸಬಹುದಾ? ಎರಡು ಫೋನಿನಲ್ಲಿ ತೆರೆಯಬಹುದಾ? ನನಗೆ ಬೇಕಾದ ಭಾಗ ಇಲ್ಲದಿದ್ದರೆ ಹಣ ವಾಪಸು ಕೊಡ್ತೀರಾ?" ಪಟ್ಟಿಯಲ್ಲಿದ್ದ ಲಕ್ಷಣಗಳೆಲ್ಲ ಒಂದೆಡೆ ಕೂಡಿದಂತಿತ್ತು. ನಾನು ಉತ್ತರ ಬರೆದೆ. ಅದನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳದೆ ವಿಧಿಯಿಲ್ಲ. "ಇಂಥ ಪ್ರಶ್ನೆಗಳನ್ನು ಕೇಳಿದವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಮೊದಲು ನಿಮ್ಮ ಗುರುತಿನ ಚೀಟಿಯ ಚಿತ್ರ ಕಳುಹಿಸಿ. ಆಮೇಲೆ ಮಾತು."

ಬೆಳಿಗ್ಗೆ ಎದ್ದಾಗ ಮರುಮಾತು ಬಂದಿತ್ತು. "ಸರ್, ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಕೆಲಸ ಮಾಡ್ತೀನಿ. ಈ ಹೊತ್ತಲ್ಲೇ ನನಗೆ ಬಿಡುವು. ಫೋನು ತಮ್ಮಂದು, ಅದಕ್ಕೇ ಎರಡು ಫೋನು ಅಂತ ಕೇಳಿದೆ. ಗುರುತಿನ ಚೀಟಿ ಗೊತ್ತಿಲ್ಲದವರಿಗೆ ಕಳಿಸಬೇಡ ಅಂತ ಮನೇಲಿ ಹೇಳ್ತಾರೆ. ಪರವಾಗಿಲ್ಲ ಸರ್, ಪುಸ್ತಕ ಬೇಡ." ನಾನು ಕ್ಷಮೆ ಕೇಳಿ ಬರೆದೆ. ಉತ್ತರ ಬರಲಿಲ್ಲ.

ಆಕೆ ಹೇಳಿದ್ದು ನಿಜವೆ? ಇಂದಿಗೂ ನನಗೆ ತಿಳಿಯದು. ಇನ್ನು ತಿಳಿಯುವುದೂ ಇಲ್ಲ. ಇದೇ ನನ್ನನ್ನು ಹಲವು ದಿನ ಕಾಡಿದ್ದು. ಆಕೆಯ ಕಡೆಯಿಂದ ನೋಡಿದರೆ ಅನುಮಾನಕ್ಕೆ ಪಾತ್ರನಾದವನು ನಾನೇ. ಮುಖ ಕಾಣದ ಒಬ್ಬ ಗಂಡಸು ಅಪರಾತ್ರಿಯಲ್ಲಿ ಗುರುತಿನ ಚೀಟಿ ಕೇಳುತ್ತಾನೆ. ಕೊಡಬಾರದೆಂದು ಪೊಲೀಸರೂ ಬ್ಯಾಂಕಿನವರೂ ದಿನವೂ ಎಚ್ಚರಿಸುತ್ತಾರೆ. ಸಂಶಯದ ಗಿರಾಕಿ ಎಂದು ನಾನು ಬಗೆದದ್ದು ಬಹುಶಃ ಸಂಶಯಪಡಬಲ್ಲ ವಿವೇಕವಿದ್ದ ಗಿರಾಕಿಯನ್ನು.

ಆ ವಾರ ನನ್ನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ನಂಬಿ ಕಳೆದದ್ದು ಅಲ್ಲಿ ಸ್ಪಷ್ಟವಾಗಿತ್ತು: ಒಮ್ಮೆ 180, ಇನ್ನೊಮ್ಮೆ 180, ಒಟ್ಟು 360 ರೂಪಾಯಿ. ಎರಡನೆಯದನ್ನು ಊಹೆಯ ಮೇಲೆಯೇ ಮೋಸದ ಲೆಕ್ಕಕ್ಕೆ ಬರೆದಿದ್ದೆ. ಆದರೆ ನಂಬದೆ ಕಳೆದದ್ದಕ್ಕೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಇರುವುದು ಹೇಗೆ? ಮೋಸಗಾರನನ್ನು ನಂಬಿದರೆ ಇಂದಲ್ಲ ನಾಳೆ ತಪ್ಪು ತಿಳಿಯುತ್ತದೆ. ಖಾತೆ ಹೇಳುತ್ತದೆ, ಹೆಂಡತಿ ಹೇಳುತ್ತಾಳೆ, ಅಳಿಯ ನಗುತ್ತಾನೆ. ಯೋಗ್ಯನನ್ನು ಅನುಮಾನಿಸಿದರೆ ಆ ತಪ್ಪು ತಿಳಿಯುವುದೇ ಇಲ್ಲ. ಅವನು ಮಾತಾಡದೆ ಎದ್ದುಹೋಗುತ್ತಾನೆ, ನಾವು "ನೋಡಿದಿರಾ, ಸಿಕ್ಕಿಬೀಳುತ್ತೇನೆಂದು ಓಡಿಹೋದ" ಎಂದು ಬೆನ್ನು ತಟ್ಟಿಕೊಳ್ಳುತ್ತೇವೆ. ಹೀಗೆ ಅನುಭವವೆಂಬ ಗುರು ಈ ವಿಷಯದಲ್ಲಿ ಒಂದೇ ಕಡೆಯ ಪಾಠ ಹೇಳುತ್ತಾನೆ. ವರ್ಷ ಕಳೆದಷ್ಟೂ ನಮ್ಮ ಅನುಮಾನ ಬಲಿಯುತ್ತದೆ; ಅದನ್ನು ನಾವು ಲೋಕಾನುಭವ ಎಂದು ಕರೆಯುತ್ತೇವೆ.

ಇದನ್ನು ಅರ್ಥಶಾಸ್ತ್ರ ವಿಭಾಗದ ಗೆಳೆಯರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. "ಏನ್ರೀ, ಅಂಗಡಿ ಇಟ್ಟ ಮೇಲೆ ಅನುಮಾನವೂ ಬಂಡವಾಳದ ಒಂದು ಭಾಗ. ಹೃದಯ ಬೇಕಾದರೆ ತರಗತಿಯಲ್ಲಿ ಇಟ್ಟುಕೊಳ್ಳಿ" ಎಂದರು. ಆಮೇಲೆ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಪಂಡಿತರ ವಿಷಯ ತೆಗೆದರು. 1970ರಲ್ಲಿ ಅವರು ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೇಖನ ಬರೆದರು. 2001ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಕಾರಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲೊಲ್ಲದೆ ಹಿಂದೆಗೆಯುತ್ತಾರೆ. ಪೇಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ.

ಗೆಳೆಯರು ಇದನ್ನು ನನ್ನ ಮೇಲೆ ಬಾಣವಾಗಿ ಬಿಟ್ಟರು. ನನಗೆ ಅದು ನನ್ನ ಪರವಾದ ವಾದವೆಂದೇ ತೋರಿತು. ನಾನು ಎಲ್ಲ ಗಿರಾಕಿಗಳಿಗೂ ಅವಮಾನದ ಬೆಲೆ ಕಟ್ಟಿದರೆ ಯಾರು ಹಿಂದೆಗೆಯುತ್ತಾರೆ? ಮಾನವಿದ್ದವರು. ಮೋಸಗಾರನಿಗೆ ನನ್ನ ಬಿರುನುಡಿ ನಾಟುವುದಿಲ್ಲ. ಅವನಿಗೆ ಅದು ಕಸುಬಿನ ಖರ್ಚು. ಗುರುತಿನ ಚೀಟಿ ಕೇಳಿದರೆ ಯಾರದೋ ಒಂದನ್ನು ಅವನು ಆಗಲೇ ಸಿದ್ಧವಾಗಿ ಇಟ್ಟುಕೊಂಡಿರುತ್ತಾನೆ. ರಾತ್ರಿ ಪಾಳಿಯ ಹೆಣ್ಣುಮಗಳೇ "ಪರವಾಗಿಲ್ಲ ಸರ್" ಎಂದು ಹೋಗುವವಳು. ಮನುಷ್ಯರನ್ನು ಅನುಮಾನಿಸುವ ಅಂಗಡಿಯಲ್ಲಿ ಕೊನೆಗೆ ಅನುಮಾನಕ್ಕೆ ಅಂಜದವರೇ ಉಳಿಯುತ್ತಾರೆ.

ಹಾಗಾದರೆ ಕಣ್ಣು ಮುಚ್ಚಿ ನಂಬಬೇಕೆ? ಅಲ್ಲ. ಇದಕ್ಕೆ ಉತ್ತರ ನನಗೆ ದೊರೆತದ್ದು ಪರೀಕ್ಷೆಯ ಕೊಠಡಿಯಲ್ಲಿ. ಮೇಲ್ವಿಚಾರಕನಾಗಿ ನಿಂತಾಗ ನಾನು ಪ್ರತಿಯೊಬ್ಬರ ಪ್ರವೇಶಪತ್ರವನ್ನೂ ನೋಡುತ್ತೇನೆ. ಚಿನ್ನದ ಪದಕ ಪಡೆಯಲಿರುವ ಹುಡುಗಿಯೂ ತೋರಿಸುತ್ತಾಳೆ, ಮೂರನೆಯ ಸಲ ಕುಳಿತವನೂ ತೋರಿಸುತ್ತಾನೆ, ಯಾರಿಗೂ ಬೇಸರವಿಲ್ಲ. ಆದರೆ ಮಾಸಿದ ಅಂಗಿಯ ಒಬ್ಬ ಹುಡುಗನ ಹತ್ತಿರ ಮಾತ್ರ ನಿಂತು, ಅವನ ಜೇಬನ್ನು ಮಾತ್ರ ತಡವಿದೆನಾದರೆ? ಚೀಟಿ ಸಿಗಲಿ ಬಿಡಲಿ, ನಾನು ತಪ್ಪು ಮಾಡಿದೆ. ಎಲ್ಲರಿಗೂ ಒಂದೇ ಆದ ಪರಿಶೀಲನೆ ನಿಯಮವೆನಿಸುತ್ತದೆ. ಒಬ್ಬನ ಚಹರೆ ನೋಡಿ ಮಾಡಿದ್ದು ಅವಮಾನವಾಗುತ್ತದೆ.

ನಮ್ಮೂರಿನ ದಿನಸಿ ಅಂಗಡಿಯ ಯಜಮಾನರು ಇದನ್ನು ಯಾವ ಲೇಖನವನ್ನೂ ಓದದೆ ಬಲ್ಲವರಾಗಿದ್ದರು. ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂದು ಬರೆಸಿದ್ದರು. ಹಿಂದೆ ನನಗೆ ಅದು ಕಂಜೂಸಿಯ ಫಲಕವೆಂದು ತೋರುತ್ತಿತ್ತು. ಈಗ ಅದರ ಸೌಜನ್ಯ ಅರ್ಥವಾಗುತ್ತದೆ. "ನಿನ್ನನ್ನು ನಂಬುವುದಿಲ್ಲ" ಎಂದು ಯಾರ ಮುಖಕ್ಕೂ ಹೇಳಬೇಕಾಗಿರಲಿಲ್ಲ. ಗೋಡೆ ಎಲ್ಲರಿಗೂ ಹೇಳುತ್ತಿತ್ತು. ಆ ಗೋಡೆಯ ಕೆಳಗೇ ಉದ್ರಿ ಪುಸ್ತಕವೂ ಇರುತ್ತಿತ್ತು, ಮಳೆ ಕೈಕೊಟ್ಟ ವರ್ಷ ಅದರ ಪುಟಗಳು ತುಂಬುತ್ತಿದ್ದುವು ಎಂಬುದು ಬೇರೆ ಮಾತು.

ಅಳಿಯನ ಪಟ್ಟಿಯನ್ನು ನಾನು ಎರಡಾಗಿ ಒಡೆದೆ. ಹೆಸರು, ಚಿತ್ರ, ಹೊತ್ತು, ಭಾಷೆಯ ತಪ್ಪು—ಇವು ಚಹರೆ, ಇವನ್ನು ಹೊಡೆದುಹಾಕಿದೆ. ಕೊಳ್ಳುವ ಮೊದಲು ಹಣ ವಾಪಸಿನ ಮಾತನ್ನು ಕೇಳುವುದು ವಿವೇಕ, ಅದನ್ನೂ ಹೊಡೆದುಹಾಕಿದೆ. ಉಳಿದದ್ದು ನಡೆ. ಪೇಟೆಯಿಂದ ಹೊರಗೆ ಬಂದು ವ್ಯವಹರಿಸೋಣ ಎನ್ನುವುದು. ಹಣದ ಬದಲು ಹಣದ ಚಿತ್ರ ಕಳುಹಿಸುವುದು. "ತಪ್ಪಿ 1800 ಕಳುಹಿಸಿದೆ, ಮಿಕ್ಕದ್ದನ್ನು ಈಗಲೇ ವಾಪಸು ಹಾಕಿ" ಎಂದು ಅವಸರಪಡಿಸುವುದು. ಹಣ ಪಡೆಯಲು ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವುದು. ಪಿನ್ ಒತ್ತಬೇಕಾದದ್ದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಇಂಥದನ್ನು ಕೇಳಿದವರು ಯಾರೇ ಆಗಲಿ, ಎಷ್ಟೇ ಮರ್ಯಾದೆಯಿಂದ ಕೇಳಲಿ, ಒಂದೇ ಉತ್ತರ: ಆಗುವುದಿಲ್ಲ. ಬೈಗುಳ ಬೇಕಿಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930 ಎಂಬ ಸಹಾಯವಾಣಿಗೆ ದೂರು ಕೊಡಬೇಕು. ಕಾಯಿದೆಯ ಇಸವಿಯೂ ಸಹಾಯವಾಣಿಯ ಸಂಖ್ಯೆಯೂ ಒಂದೇ ಆದದ್ದು ಕಾಕತಾಳೀಯವಾದರೂ ನೆನಪಿಡಲು ಅನುಕೂಲ.

ನನ್ನ ಅಂಗಡಿಯ ಗೋಡೆಯ ಮೇಲೂ ಈಗ ಒಂದು ಫಲಕವಿದೆ. ಸಂಧಿ ಪ್ರಕರಣವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಿ ನೋಡಬಹುದು. ಹಣ ಪೇಟೆಯ ಮೂಲಕವೇ ಬರಬೇಕು. ಪ್ರತಿ ಪುಟದ ಅಡಿಯಲ್ಲಿ ಕೊಂಡವರು ಕೊಟ್ಟ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ಅದು ಎಲ್ಲರ ಪ್ರತಿಗೂ. ಸ್ವಂತಕ್ಕೆ ಪ್ರಿಂಟ್ ಹಾಕಿಸಿಕೊಳ್ಳಬಹುದು. ಫೈಲು ತೆರೆಯದಿದ್ದರೆ ಬೇರೆ ಪ್ರತಿ ಕೊಡುತ್ತೇನೆ. ಮೂರು ದಿನದೊಳಗೆ ಬೇಡವೆನಿಸಿದರೆ, ಒಬ್ಬರಿಗೆ ಒಂದು ಸಲ, ಕಾರಣ ಕೇಳದೆ ಹಣ ಹಿಂದಿರುಗಿಸುತ್ತೇನೆ; ಕೌಟಿಲ್ಯ ಬೇಸಾಯಗಾರರಿಗೆ ಕೊಟ್ಟ ಮೂರು ರಾತ್ರಿ. ನಿಯಮ ಮಾಡುವಾಗ ನಾನು ಇಟ್ಟುಕೊಂಡ ಪರೀಕ್ಷೆ ಒಂದೇ: ಯೋಗ್ಯನಾದವನು ತಲೆ ತಗ್ಗಿಸದೆ ಇದನ್ನು ಪಾಲಿಸಬಲ್ಲನೆ? ಗುರುತಿನ ಚೀಟಿಯ ಬೇಡಿಕೆ ಆ ಪರೀಕ್ಷೆಯಲ್ಲಿ ನಪಾಸಾಯಿತು.

ಇಷ್ಟಾದರೂ ಮೋಸ ನಿಲ್ಲುವುದಿಲ್ಲ, ಬಲ್ಲೆ. ಮೂರು ದಿನದಲ್ಲಿ ಓದಿ ಮುಗಿಸಿ ಹಣ ಕೇಳುವವರು ಇರುತ್ತಾರೆ. ಮೊತ್ತ ದೊಡ್ಡದಾಗಿದ್ದರೆ, ಲಕ್ಷ ರೂಪಾಯಿಯ ಮಾತಾಗಿದ್ದರೆ, ನಾನೂ ಬೇರೆ ನಿಯಮ ಮಾಡುತ್ತಿದ್ದೆ. ಆದರೆ 180 ರೂಪಾಯಿಗೆ ಒಬ್ಬರ ಮಾನವನ್ನು ತೂಗುವ ತಕ್ಕಡಿ ನನಗೆ ಬೇಡ. ನಾವೆಲ್ಲ ಬಾಲ್ಯದಲ್ಲಿ ಪುಣ್ಯಕೋಟಿಯ ಕಥೆ ಕೇಳಿ ಹಸುವಿನ ಸತ್ಯಕ್ಕೆ ಕಣ್ಣೀರಿಟ್ಟವರು. ಹುಲಿಯ ಕಡೆಯಿಂದ ಆ ಕಥೆಯನ್ನು ನೋಡಿದವರು ಕಡಮೆ. ಹಿಡಿದ ಬೇಟೆಯನ್ನು ಬರಿಯ ಮಾತಿನ ಮೇಲೆ ಬಿಟ್ಟು ಕಳುಹಿಸಿತಲ್ಲ, ಆ ಹುಲಿ! ಅದೂ ಮೊದಲು ಅನುಮಾನಿಸಿತು, ಆದರೂ ಬಿಟ್ಟಿತು. ಬಿಡದಿದ್ದರೆ ಹಸುವಿನ ಸತ್ಯ ಜಗತ್ತಿಗೆ ತಿಳಿಯುತ್ತಲೇ ಇರಲಿಲ್ಲ. ಇನ್ನೊಬ್ಬರ ಸತ್ಯ ಬೆಳಕಿಗೆ ಬರಬೇಕಾದರೆ ಯಾರಾದರೊಬ್ಬರು ಮೊದಲು ಸ್ವಲ್ಪ ನಷ್ಟಕ್ಕೆ ಸಿದ್ಧರಾಗಬೇಕು.

ಮೊನ್ನೆ ಒಬ್ಬರು ಎರಡನೆಯ ದಿನವೇ ಬರೆದರು: "ಬೇರೆ ವಿಷಯ ತಗೊಂಡೆ ಸರ್, ಪುಸ್ತಕ ಬೇಡವಾಯ್ತು." ಹೆಸರಿಲ್ಲ, ಚಿತ್ರವಿಲ್ಲ. ಹಣ ಹಿಂದಿರುಗಿಸಿ, ಪರೀಕ್ಷೆಗೆ ಶುಭವಾಗಲಿ ಎಂದು ಬರೆದೆ. ನಿಜ ಹೇಳಿದರೋ ಸುಳ್ಳು ಹೇಳಿದರೋ ನನಗೆ ತಿಳಿಯದು. ಲೆಕ್ಕದ ಪುಸ್ತಕದಲ್ಲಿ 180 ಎಂದು ಬರೆದುಕೊಂಡು, ಮರುದಿನದ ಪಾಠಕ್ಕೆ ತದ್ಧಿತ ಪ್ರಕರಣವನ್ನು ಓದತೊಡಗಿದೆ.